ಪಡಿಯಚ್ಚು

ಮನುಷ್ಯನ ಸೊಂಟಕ್ಕೆ ಬೀಳುವ ಮೊದಲನೆಯ ಕಟ್ಟು ಉಡಿದಾರ. ಅದನ್ನು ಕಟ್ಟುವವಳು ತಾಯಿ ಅಥವಾ ಅಜ್ಜಿ. ಅದರ ಮೇಲೆ ಯಾವ ಮುದ್ರೆಯೂ ಇರುವುದಿಲ್ಲ. ಅದು ಯಾರ ಮಗುವೆಂದು ಊರಿಗೆ ಸಾರಬೇಕಾದ ಅಗತ್ಯವೂ ಇಲ್ಲ. ಅದೇ ಮಗು ಬೆಳೆದು ಸಿಪಾಯಿಯಾದಾಗ ಸರ್ಕಾರವು ಅವನ ಸೊಂಟಕ್ಕೆ ಇನ್ನೊಂದು ಪಟ್ಟಿಯನ್ನು ಬಿಗಿಯುತ್ತದೆ. ಪಟ್ಟಿಗೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೊಂದು ಮುದ್ರೆ. ಇವನು ಯಾರ ಕಡೆಯವನು ಎಂಬುದನ್ನು ಎದುರಿಗೆ ಬಂದವರಿಗೆಲ್ಲ ಆ ಬಿಲ್ಲೆ ಹೇಳುತ್ತದೆ. ಉಡಿದಾರ ಕಿತ್ತುಹೋದರೆ ಇನ್ನೊಂದು ದಾರ ಸಿಕ್ಕುತ್ತದೆ. ಬಿಲ್ಲೆಯಾದರೋ ತೊಟ್ಟವನು ಹೋದಮೇಲೂ ಉಳಿಯುತ್ತದೆ. ನೂರು ವರ್ಷ ಕಳೆದ ಮೇಲೂ ಅಣ್ಣತಮ್ಮಂದಿರ ನಡುವೆ ಜಗಳ ಹುಟ್ಟಿಸುವ ಶಕ್ತಿ ಅದಕ್ಕಿದೆ. ಅಂಥದೊಂದು ಜಗಳದಲ್ಲಿ ನಾನು ಸಾಕ್ಷಿ ನುಡಿಯಬೇಕಾಗಿ ಬಂತು.

ನಮ್ಮ ಜಯನಗರದ ಮಾಧವನ್ ಪಾರ್ಕಿನಲ್ಲಿ ಬೆಳಗಿನ ಹೊತ್ತು ತಿರುಗಾಡುವ ಪಿಂಚಣಿದಾರರಲ್ಲಿ ನಾನೊಬ್ಬ, ಮೇಷ್ಟರೊಬ್ಬರು. ಅವರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವರು; ನಾನು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಅಚ್ಚು ಕೊರೆದವನು. ಒಂದು ದಿನ ಅವರು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ವಸ್ತುವೊಂದನ್ನು ನನ್ನ ಕೈಯಲ್ಲಿಟ್ಟರು. ಬಿಚ್ಚಿ ನೋಡಿದೆ: ಹಿತ್ತಾಳೆಯ ಬೆಲ್ಟಿನ ಬಿಲ್ಲೆ, ಅದರ ನಡುವೆ ಗಂಡಭೇರುಂಡ. ಎರಡು ತಲೆಯ ಹಕ್ಕಿಯ ಒಂದು ತಲೆ ಸವೆದು ಕೊಕ್ಕಿಲ್ಲದಂತಾಗಿತ್ತು.

“ನಮ್ಮ ತಾತನದು, ಸ್ವಾಮಿ. ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು. ಹೈಫಾದಲ್ಲಿ ಅವರ ಸೊಂಟದಲ್ಲಿದ್ದದ್ದು ಇದೇ. ನೀವು ಲೋಹದ ಕೆಲಸ ಬಲ್ಲವರು. ಇದು ಅಸಲು ಎಂದು ಒಂದು ಮಾತು ಹೇಳಿಬಿಡಿ” ಎಂದರು.

ಓದುಗರು ಗಮನಿಸಬೇಕು. ಇದು ಅಸಲೋ ನಕಲೋ ಎಂದು ಅವರು ಕೇಳಲಿಲ್ಲ. ಅಸಲು ಎಂದು ಹೇಳಿಬಿಡಿ ಎಂದು ಕೇಳಿದರು. ಇವೆರಡಕ್ಕೂ ಇರುವ ಅಂತರದಲ್ಲಿಯೇ ನನ್ನ ತಾಪತ್ರಯವೆಲ್ಲ ಅಡಗಿತ್ತು.

ಹೈಫಾದ ಕಥೆಯನ್ನು ಚರಿತ್ರೆ ಬಲ್ಲವರಿಗೆ ಹೇಳಬೇಕಾಗಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು, ಬೆಟ್ಟದ ಮೇಲಿನ ಫಿರಂಗಿಗಳಿಗೂ ಮೆಷಿನ್ ಗನ್ನುಗಳಿಗೂ ಎದುರಾಗಿ, ಈಟಿ ಕತ್ತಿಗಳನ್ನು ಹಿಡಿದು ಕುದುರೆಗಳನ್ನು ಓಡಿಸಿ ಆ ಊರನ್ನು ಗೆದ್ದರು. ಕಾರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿಹೋದವರು ನಮ್ಮ ಮೈಸೂರಿನವರು. ದೆಹಲಿಯ ತೀನ್ ಮೂರ್ತಿಯ ಮೂವರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನ ಪರವಾಗಿ ನಿಂತಿದ್ದಾನೆ. ನಮ್ಮ ಊರಿನ ಜೆ.ಸಿ. ನಗರದಲ್ಲಿಯೂ ಆ ದಳದ ಸ್ಮಾರಕವಿದೆ. ಸ್ವಾತಂತ್ರ್ಯದ ತರುವಾಯ ಸಂಸ್ಥಾನಗಳ ಸೈನ್ಯಗಳು ಭಾರತದ ಸೈನ್ಯದಲ್ಲಿ ಸೇರಿದುವು. ಅವುಗಳ ಕುದುರೆ ದಳಗಳಿಂದ 1953ರಲ್ಲಿ 61ನೆಯ ಕ್ಯಾವಲ್ರಿ ಎಂಬ ಹೊಸ ದಳ ಹುಟ್ಟಿತು. ಹಳೆಯ ಸವಾರರು ಊರಿಗೆ ಮರಳಿ ಜಮೀನು ನೋಡಿಕೊಂಡರು. ಅವರ ಬಿಲ್ಲೆಗಳು ಟ್ರಂಕುಗಳ ತಳ ಸೇರಿದುವು.

ಮೇಷ್ಟರ ಮನೆಯಲ್ಲಿ ಅದು ಟ್ರಂಕಿನಲ್ಲಿರಲಿಲ್ಲ, ದೇವರ ಗೂಡಿನಲ್ಲಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುಂಕುಮವಿಟ್ಟು, ಮಕ್ಕಳಿಗೆ ತಾತನ ಕಥೆ ಹೇಳುತ್ತಿದ್ದರಂತೆ. ತಂದೆ ತೀರಿಕೊಂಡ ಮೇಲೆ, ಹಳೆಯ ವಸ್ತು ಕೊಳ್ಳುವವರೊಬ್ಬರು ಅದಕ್ಕೆ ದೊಡ್ಡ ಬೆಲೆ ಹೇಳಿದರು. ಬನಶಂಕರಿಯಲ್ಲಿರುವ ತಮ್ಮ, ಮಾರಿ ಹಂಚಿಕೊಳ್ಳೋಣವೆಂದ, ಅಣ್ಣ ಒಪ್ಪಲಿಲ್ಲ. ತಾತನನ್ನು ಮಾರುವುದೇ ಎಂದರು ಇವರು. ತಾತ ನಿನಗೊಬ್ಬನಿಗೇ ತಾತನೇ ಎಂದ ಅವನು. ಎರಡು ಮಾತಿನಲ್ಲೂ ನ್ಯಾಯವಿತ್ತು. ಅದರಿಂದಲೇ ಜಗಳ ಮುಗಿಯಲಿಲ್ಲ. ಆರು ವರ್ಷ ಮಾತು ನಿಂತುಹೋಯಿತು. ಮೊಮ್ಮಗಳ ನಾಮಕರಣಕ್ಕೂ ತಮ್ಮ ಬರಲಿಲ್ಲ.

“ಒಂದು ದಿನ ಇಟ್ಟುಕೊಂಡು ನೋಡುತ್ತೇನೆ” ಎಂದು ಹೇಳಿ ನಾನು ಬಿಲ್ಲೆಯನ್ನು ಮನೆಗೆ ತಂದೆ.

ಇಂಥ ವಸ್ತುಗಳನ್ನು ನೋಡುವುದು ಹೇಗೆಂಬುದನ್ನು ಇಲ್ಲಿ ಸ್ವಲ್ಪ ಹೇಳುವುದು ಅವಶ್ಯಕ. ಬಿಲ್ಲೆ ಹುಟ್ಟುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಉಕ್ಕಿನ ಅಚ್ಚುಗಳ ನಡುವೆ ಹಿತ್ತಾಳೆಯ ತಗಡನ್ನಿಟ್ಟು ಒತ್ತುವುದು. ಮುಂಭಾಗದಲ್ಲಿ ಹಕ್ಕಿ ಉಬ್ಬಿದ್ದರೆ ಹಿಂಭಾಗದಲ್ಲಿ ಅದೇ ಹಕ್ಕಿ ತಗ್ಗಾಗಿ ಕಾಣುತ್ತದೆ. ಗೆರೆಗಳು ಚೂಪಾಗಿ, ಮೈ ನುಣುಪಾಗಿ ಇರುತ್ತದೆ. ಇನ್ನೊಂದು ಎರಕ. ಮರಳಿನಲ್ಲಿ ಮಾದರಿಯನ್ನು ಒತ್ತಿ, ಅದು ಬಿಟ್ಟ ಗುಳಿಯಲ್ಲಿ ಕರಗಿದ ಲೋಹವನ್ನು ಹೊಯ್ಯುವುದು. ಎರಕದ ಮೈ ಎಷ್ಟು ನಯಮಾಡಿದರೂ ತಗ್ಗುಗಳಲ್ಲಿ ಮರಳಿನ ತರಿ ಉಳಿಯುತ್ತದೆ. ಅಂಚಿನಲ್ಲಿ ಅರದ ಗೀರುಗಳು ಕಾಣುತ್ತವೆ. ಎರಕವೆಂದ ಮಾತ್ರಕ್ಕೆ ನಕಲಿಯೆಂದು ಹೇಳಲಾಗದು. ಹಿಂದಿನ ಕಾಲದ ಎಷ್ಟೋ ಒಳ್ಳೆಯ ಬಿಲ್ಲೆಗಳು ಎರಕದವೇ. ಆದರೆ ಸಿದ್ಧವಾದ ಬಿಲ್ಲೆಯೊಂದನ್ನೇ ಮಾದರಿಯಾಗಿಟ್ಟು ಮತ್ತೊಂದನ್ನು ಎರೆದರೆ ಗುಟ್ಟು ಬಯಲಾಗುತ್ತದೆ. ಹಿತ್ತಾಳೆ ಗಟ್ಟಿಯಾಗುವಾಗ ನೂರಕ್ಕೆ ಸುಮಾರು ಒಂದೂವರೆ ಪಾಲು ಕುಗ್ಗುತ್ತದೆ. ಅರವತ್ತು ಮಿಲಿಮೀಟರಿನ ಬಿಲ್ಲೆಯ ಮಗು ಸುಮಾರು ಒಂದು ಮಿಲಿಮೀಟರಿನಷ್ಟು ಚಿಕ್ಕದು. ಮೊಮ್ಮಗು ಇನ್ನೂ ಚಿಕ್ಕದು. ಮನುಷ್ಯರಲ್ಲಿಯೂ ಕೆಲವು ವಂಶಗಳು ಹೀಗೆಯೇ ನಡೆಯುತ್ತವೆ, ಅದು ಬೇರೆ ಮಾತು.

ಇನ್ನು ಗುರುತುಗಳ ವಿಚಾರ. ಬ್ರಿಟಿಷ್ ಸರ್ಕಾರ ತನ್ನ ಸಾಮಾನಿಗೆಲ್ಲ ಬಾಣದ ಮೊನೆಯ ಗುರುತನ್ನು ಒತ್ತುತ್ತಿತ್ತು. ಭಾರತದ ಸೈನ್ಯದ ಸಾಮಾನಾದರೆ ಬಾಣದ ಕೆಳಗೆ ‘ಐ’ ಎಂಬ ಇಂಗ್ಲಿಷ್ ಅಕ್ಷರವೂ ಇರುತ್ತಿತ್ತು. ಕಾರ್ಖಾನೆಯ ಹೆಸರು, ಇಸವಿ, ಸಿಪಾಯಿಯ ನಂಬರು, ಇವೆಲ್ಲ ಹಿಂಭಾಗದಲ್ಲಿ ಸಿಕ್ಕಬಹುದು. ಮುಂಭಾಗದ ಕಿರೀಟವೂ ಪಂಚಾಂಗದ ಕೆಲಸ ಮಾಡುತ್ತದೆ. ಏಳನೆಯ ಎಡ್ವರ್ಡನಿಂದ ಆರನೆಯ ಜಾರ್ಜನವರೆಗೆ, ಎಂದರೆ 1901ರಿಂದ 1952ರವರೆಗೆ, ಕಿರೀಟದ ಕಮಾನು ಗುಮ್ಮಟದಂತೆ ದುಂಡಗೆ. ಎಲಿಜಬೆತ್ ರಾಣಿಯ ಕಾಲಕ್ಕೆ ಅದು ನಡುವೆ ತಗ್ಗಾಯಿತು. ನಮ್ಮಲ್ಲಿ 1950ರಿಂದೀಚೆಗೆ ಕಿರೀಟವೇ ಹೋಗಿ ಅಶೋಕನ ಸಿಂಹಗಳು ಬಂದುವು. ಲೋಹವೂ ಮಾತನಾಡುತ್ತದೆ. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಪ್ರಷ್ಯದ ಸಿಪಾಯಿಗಳ ಬಿಲ್ಲೆ ಹಿತ್ತಾಳೆಯದು. ಯುದ್ಧ ಬೆಳೆದಂತೆ ತೋಟೆಗಳಿಗೇ ಹಿತ್ತಾಳೆ ಸಾಲದೆ, ಉಕ್ಕಿನ ತಗಡನ್ನು ಒತ್ತಿ ಬೂದುಬಣ್ಣ ಬಳಿದರು. ಪತ್ರಿಕೆಗಳು ವಿಜಯದ ಸುದ್ದಿ ಬರೆಯುತ್ತಿದ್ದಾಗ ದೇಶದ ಬಡತನವನ್ನು ಸಿಪಾಯಿಯ ಸೊಂಟ ಹೇಳುತ್ತಿತ್ತು.

ಆ ಪ್ರಷ್ಯದ ಬಿಲ್ಲೆಯ ಮೇಲೆ ‘ಗಾಟ್ ಮಿಟ್ ಉನ್ಸ್’ ಎಂದು ಬರೆದಿತ್ತು. ದೇವರು ನಮ್ಮ ಕಡೆ ಇದ್ದಾನೆ ಎಂದು ಅರ್ಥ. ಎದುರು ಪಕ್ಷದ ಇಂಗ್ಲಿಷರ ರಾಜಲಾಂಛನದಲ್ಲಿಯೂ ದೇವರ ಹೆಸರೇ, ಅದರ ಜೊತೆಗೆ ತಮ್ಮ ಹಕ್ಕಿನ ಮಾತು. ಇಬ್ಬರ ಸೊಂಟದಲ್ಲಿಯೂ ದೇವರನ್ನು ಕಟ್ಟಿ ಕಳುಹಿಸಿದ್ದರು. ಬಿಲ್ಲೆಯ ಹಿಂಭಾಗದಲ್ಲಿದ್ದ ಕಾರ್ಖಾನೆಯ ಹೆಸರು ನಿಜ, ಇಸವಿ ನಿಜ. ಮುಂಭಾಗದ ಮಾತಿಗೆ ಮಾತ್ರ ಸಾಕ್ಷಿಯಿಲ್ಲ. ಇದರಿಂದ ನಾನು ಕಲಿತ ಪಾಠ ಇಷ್ಟು: ಗುರುತು ಹೇಳುವುದೆಲ್ಲವೂ ಒಂದೇ ತೂಕದ ಸತ್ಯವಲ್ಲ. ವಸ್ತು ಯಾರ ಸ್ವತ್ತೆಂದು ಬಾಣ ಹೇಳುತ್ತದೆ. ತೊಟ್ಟವನು ಧೈರ್ಯವಂತನೋ ಹೇಡಿಯೋ, ಆ ದಿನ ಅವನ ಎದೆ ಎಷ್ಟು ಹೊಡೆದುಕೊಂಡಿತೋ, ಅದನ್ನು ಯಾವ ಠಸ್ಸೆಯೂ ಹೇಳದು.

ಗುರುತಿಗೆ ಬೆಲೆ ಬಂದ ಕಡೆ ಸುಳ್ಳು ಗುರುತು ಬರುವುದು ಸಹಜ. ಅಮೆರಿಕದ ಹಳೆಯ ವೆಲ್ಸ್ ಫಾರ್ಗೋ ಮೊದಲಾದ ಕಂಪೆನಿಗಳ ಹೆಸರಿನ ಬಿಲ್ಲೆಗಳನ್ನು ಕಳೆದ ಶತಮಾನದ ಉತ್ತರಾರ್ಧದಲ್ಲಿ ಹೊಸದಾಗಿ ಎರೆದು, ಹಿಂದೆ ಟಿಫನಿಯಂಥ ಪ್ರಸಿದ್ಧ ಅಂಗಡಿಯ ಹೆಸರನ್ನು ಒತ್ತಿ ಮಾರಿದರು. ಕೊಳ್ಳುವವರು ಆಧಾರ ಕೇಳಿಯಾರೆಂದು, ಆ ಬಿಲ್ಲೆಗಳನ್ನು ವರ್ಣಿಸುವ ಪುಸ್ತಕವೊಂದನ್ನೂ ಹುಟ್ಟಿಸಿ, ಅದು 1950ರಲ್ಲಿ ಅಚ್ಚಾದದ್ದೆಂದು ಅದರಲ್ಲಿಯೇ ಹಾಕಿದರು. ಬಿಲ್ಲೆಗೆ ಪುಸ್ತಕ ಸಾಕ್ಷಿ, ಪುಸ್ತಕಕ್ಕೆ ಬಿಲ್ಲೆ ಸಾಕ್ಷಿ! ಕಳ್ಳನಿಗೆ ಕಳ್ಳನೇ ಜಾಮೀನು ನಿಂತಂತೆ. ಪುಸ್ತಕವೇ ನಕಲಿಯೆಂದು ಬಲ್ಲವರು ತೋರಿಸಿಕೊಡುವ ಹೊತ್ತಿಗೆ ಎಷ್ಟೋ ಮಂದಿ ಹಣ ಕಳೆದುಕೊಂಡಿದ್ದರು.

ಆ ರಾತ್ರಿ ದೀಪದ ಕೆಳಗೆ ಮಸೂರ ಹಿಡಿದು ಮೇಷ್ಟರ ಬಿಲ್ಲೆಯನ್ನು ನೋಡಿದೆ. ಹತ್ತು ನಿಮಿಷ ಸಾಕಾಯಿತು. ಹಿಂಭಾಗ ಚಪ್ಪಟೆ, ತಗ್ಗುಗಳಲ್ಲೆಲ್ಲ ಮರಳಿನ ತರಿ. ಅದು ದೋಷವೇನಲ್ಲ. ಆದರೆ ಕೊಂಡಿಯನ್ನು ಬಿಲ್ಲೆಗೆ ಬೆಸೆದ ಜಾಗದಲ್ಲಿ ಬೆಸುಗೆ ಹರಡಿದ ಗುರುತಿತ್ತು; ಬೆಸುಗೆ ಮಾತ್ರ ಇರಲಿಲ್ಲ. ಬಿಲ್ಲೆ, ಕೊಂಡಿ, ಬೆಸುಗೆಯ ಚೆಲ್ಲು ಮೂರೂ ಒಂದೇ ಲೋಹದ ಒಂದೇ ಎರಕ. ಬೆಸುಗೆಯನ್ನೂ ಸೇರಿಸಿ ಯಾರೋ ಅಚ್ಚು ತೆಗೆದಿದ್ದರು. ಕೆಳಗೆ ಮೂರು ಅಂಕಿಗಳಿದ್ದುವು, ನಡುವಿನದು ಸ್ವಲ್ಪ ವಾಲಿತ್ತು. ಉಕ್ಕಿನ ಮೊಳೆಯಿಂದ ಹೊಡೆದ ಅಂಕಿಯಾದರೆ ತಳ ನುಣುಪಾಗಿ, ಸುತ್ತಲೂ ಲೋಹ ತುಸು ಉಬ್ಬಿ ನಿಲ್ಲುತ್ತದೆ. ಇಲ್ಲಿ ಉಬ್ಬು ಕರಗಿದಂತಿತ್ತು. ಅಂಕಿಯ ತಳದಲ್ಲಿಯೂ ತರಿ ಇತ್ತು. ಅಂಕಿಗಳನ್ನು ಹೊಡೆದಿರಲಿಲ್ಲ, ಎರೆದಿದ್ದರು. ಸಂದೇಹಕ್ಕೆ ಎಡೆಯೇ ಇರಲಿಲ್ಲ. ಇದು ಪಡಿಯಚ್ಚು.

ಮಸೂರವನ್ನು ಕೆಳಗಿಟ್ಟು ಕುಳಿತೆ. ಈಗ ಏನು ಮಾಡತಕ್ಕದ್ದು? ಸುಮ್ಮನೆ ‘ಅಸಲು’ ಎಂದುಬಿಟ್ಟರೆ ಮೇಷ್ಟರಿಗೆ ಸಂತೋಷ. ಅಪ್ರಿಯವಾದ ಸತ್ಯವನ್ನು ಆಡಬಾರದೆಂದು ಹಿರಿಯರೂ ಹೇಳಿದ್ದಾರೆ. ನನಗೆ ಶಾಸ್ತ್ರದ ಬೆಂಬಲವೂ ಇತ್ತು. ಎಪ್ಪತ್ತು ದಾಟಿದ ಮನುಷ್ಯನ ತಾತನನ್ನು ಕಿತ್ತುಕೊಂಡು ನನಗಾಗಬೇಕಾದದ್ದೇನು? ದೇವರ ಗೂಡಿನಲ್ಲಿರುವ ವಸ್ತುವಿಗೆ ವರ್ನಿಯರ್ ಹಚ್ಚುವುದೇ ಒಂದು ಅಧಿಕಪ್ರಸಂಗವಲ್ಲವೆ?

ಹೀಗೆ ನಾನು ನನ್ನನ್ನೇ ಒಪ್ಪಿಸುತ್ತಿದ್ದಾಗ ತಮ್ಮನ ನೆನಪಾಯಿತು. ನನ್ನ ಸುಳ್ಳಿನ ಬೆಲೆ ತೆರಬೇಕಾದವನು ಅವನು. ಬಿಲ್ಲೆ ಅಸಲೆಂದು ನಾನು ಹೇಳಿದರೆ ಅಣ್ಣನ ಹಟಕ್ಕೆ ಬೀಗಮುದ್ರೆ ಬೀಳುತ್ತದೆ. ತಮ್ಮನ ಆಸೆಗೂ ಬೀಳುತ್ತದೆ. ಮುಂದೆ ಮಾರಿದರೆ ಕೊಂಡವನಿಗೂ ನಾನು ಮೋಸ ಮಾಡಿದಂತಾಯಿತು. ಪ್ರಿಯವಾದ ಸುಳ್ಳು ಹೇಳುವವನು ಎದುರಿಗಿರುವವನ ಮುಖವನ್ನು ಮಾತ್ರ ನೋಡುತ್ತಾನೆ. ಎದುರಿಗಿಲ್ಲದವರು ಅವನ ಲೆಕ್ಕದಲ್ಲಿಲ್ಲ. ನನ್ನ ದಯೆಯೆಂಬುದು, ಮೇಷ್ಟರ ಮುಖ ಬಾಡುವುದನ್ನು ನೋಡಲಾರದ ನನ್ನ ಅಂಜಿಕೆಯೇ ಹೊರತು ಬೇರೆಯಲ್ಲವೆಂದು ಆಗ ತೋರಿತು.

ಹೇಳಲೇಬೇಕೆಂದು ನಿಶ್ಚಯಿಸಿದ ಮೇಲೆ ಇನ್ನೊಂದು ಸಲ ಬಿಲ್ಲೆಯನ್ನು ಕೈಗೆತ್ತಿಕೊಂಡೆ. ಮೊದಲನೆಯ ಸಲ ನಾನು ತಪ್ಪು ಹಿಡಿಯುವವನಾಗಿ ನೋಡಿದ್ದೆ. ತಪ್ಪು ಸಿಕ್ಕಿದೊಡನೆ ನೋಡುವುದನ್ನು ನಿಲ್ಲಿಸಿದ್ದೆ. ಈ ಸಲ ನನ್ನ ಕಣ್ಣು ಆ ಕೊಕ್ಕಿಲ್ಲದ ತಲೆಯ ಮೇಲೆ ನಿಂತಿತು. ಅಲ್ಲಿ ಗರಿಗಳ ಗೆರೆ ಪೂರ್ತಿ ಅಳಿಸಿತ್ತು, ಇನ್ನೊಂದು ತಲೆಯಲ್ಲಿ ಚೆನ್ನಾಗಿತ್ತು. ಬಲಗೈಯಲ್ಲಿ ದಿನವೂ ತಿಕ್ಕುವವನ ಒತ್ತಡ ಒಂದೇ ಕಡೆಗೆ ಬಿದ್ದರೆ ಹೀಗಾಗುತ್ತದೆ. ಆದರೆ ತಿಕ್ಕಿ ಸವೆದಿದ್ದರೆ ಮೊದಲು ಹೋಗಬೇಕಾದದ್ದು ಮರಳಿನ ತರಿ. ಆ ತರಿ ಸವೆದ ತಲೆಯ ಸುತ್ತಲೂ ಹಾಗೆಯೇ ಇತ್ತು! ಎಂದರೆ ಆ ಸವೆತ ಈ ಬಿಲ್ಲೆಯದಲ್ಲ. ಇದಕ್ಕೆ ಮಾದರಿಯಾದ ಬಿಲ್ಲೆ ಮೊದಲೇ ಸವೆದಿತ್ತು. ಯಾರೋ ಒಬ್ಬ ಮನುಷ್ಯ ಎಷ್ಟೋ ವರ್ಷ ಪ್ರತಿದಿನ ಬೆಳಿಗ್ಗೆ ತನ್ನ ಬಿಲ್ಲೆಯನ್ನು ತಿಕ್ಕಿದ್ದ. ಅವನ ಕೈಯ ಗುರುತನ್ನೂ ಸೇರಿಸಿ ಮರಳು ಅಚ್ಚು ತೆಗೆದುಕೊಂಡಿತ್ತು.

ನಕಲು ಎಂಬ ಮಾತಿನಲ್ಲಿಯೇ ಒಂದು ಅಸಲಿನ ಒಪ್ಪಿಗೆಯಿದೆ. ಯಾವುದೂ ಇಲ್ಲದೆ ನಕಲಿಲ್ಲ. ಮೊದಲ ಹತ್ತು ನಿಮಿಷದ ತೀರ್ಪನ್ನೇ ಹಿಡಿದು ‘ಇದು ನಕಲಿ’ ಎಂದಷ್ಟೇ ಹೇಳಿ ಬಂದಿದ್ದರೆ ಅದೂ ಒಂದು ಬಗೆಯ ಸುಳ್ಳೇ ಆಗುತ್ತಿತ್ತು.

ಮರುದಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ಎಲ್ಲವನ್ನೂ ಹೇಳಿದೆ. ಮಸೂರವನ್ನು ಅವರ ಕೈಗೇ ಕೊಟ್ಟು ಬೆಸುಗೆಯನ್ನೂ ಅಂಕಿಗಳನ್ನೂ ಸವೆತವನ್ನೂ ತೋರಿಸಿದೆ. ಮಾದರಿಯಾದ ಬಿಲ್ಲೆ ಅವರ ತಾತನದೇ ಎಂದು ಲೋಹ ಹೇಳುವುದಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಮೇಷ್ಟರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ಆರು ವರ್ಷ ನಾವಿಬ್ಬರೂ ಯಾತಕ್ಕೆ ಜಗಳವಾಡಿದೆವು ಸ್ವಾಮಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರ ಮುಖದಲ್ಲಿ ವಿಚಿತ್ರವಾದ ನಗುವೊಂದು ಕಾಣಿಸಿತು. “ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿಯೂ ಇಂಥದೊಂದಿತ್ತು. ಅದು ನಕಲು, ನಮ್ಮದೇ ಅಸಲು ಅಂತ ನಮ್ಮಮ್ಮ ಹೇಳುತ್ತಿದ್ದರು. ನಮ್ಮ ತಂದೆ ಮಾತ್ರ ಆ ಮಾತು ಬಂದಾಗ ಎದ್ದು ಹೊರಗೆ ಹೋಗಿಬಿಡುತ್ತಿದ್ದರು” ಎಂದರು.

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ತಾತನಿಗೆ ಗಂಡುಮಕ್ಕಳು ಇಬ್ಬರು, ಬಿಲ್ಲೆ ಒಂದು. ಹಿಂದಿನ ತಲೆಮಾರಿನ ಅಣ್ಣತಮ್ಮಂದಿರು ಏನು ಮಾಡಿದ್ದಾರೆಂಬುದು ಊಹೆಯ ಮಾತಾದರೂ, ಅದು ಅಸಂಭವವಾದ ಊಹೆಯಲ್ಲ. ಮಾರಿ ಹಂಚಿಕೊಳ್ಳಲಿಲ್ಲ, ಒಬ್ಬನೇ ಇಟ್ಟುಕೊಳ್ಳಲಿಲ್ಲ. ಎರಕದವನ ಬಳಿಗೆ ಹೋದರು.

ಮನೆಗೆ ಹಿಂದಿರುಗುವಾಗ ಅಶೋಕಸ್ತಂಭದ ಕಡೆಯಿಂದ ಬಂದೆ. 1948ರಲ್ಲಿ ಶಂಕುಸ್ಥಾಪನೆಯಾದ ನಮ್ಮ ಬಡಾವಣೆಗೆ ಆ ಸಿಂಹಗಳೇ ಬಾಗಿಲು. ಅವು ಸಾರನಾಥದ ಸಿಂಹಗಳ ಪಡಿಯಚ್ಚೆಂಬುದು ಎಲ್ಲರಿಗೂ ಗೊತ್ತು. ಆದರೂ ಯಾರೊಬ್ಬರೂ ಅವನ್ನು ನಕಲಿಯೆಂದು ಹಳಿದದ್ದಿಲ್ಲ. ದೇವಸ್ಥಾನದ ಉತ್ಸವಮೂರ್ತಿಯನ್ನು ಯಾರಾದರೂ ಮೂಲವಿಗ್ರಹದ ನಕಲಿ ಎನ್ನುತ್ತಾರೆಯೆ? ಗರ್ಭಗುಡಿಯಿಂದ ಹೊರಗೆ ಬರಲಾಗದ ದೇವರ ಬದಲಿಗೆ ಬೀದಿಗೆ ಬರುವವನು ಅವನು. ಪಡಿಯಚ್ಚಿನಲ್ಲಿ ಪಾಪವಿಲ್ಲ, ತಾನೇ ಮೂಲವೆಂದು ಹೇಳಿಕೊಳ್ಳುವುದರಲ್ಲಿ ಪಾಪ. ಅಮೆರಿಕದಲ್ಲಿ ನಾಣ್ಯಗಳ ನಕಲು ಮಾಡುವವರು ಅದರ ಮೇಲೆ ‘ಕಾಪಿ’ ಎಂದು ಒತ್ತಲೇಬೇಕೆಂದು 1973ರಲ್ಲಿ ಒಂದು ಕಾನೂನಾಯಿತು. ಆ ಒಂದು ಮಾತಿನಿಂದ ಸುಳ್ಳು ನಾಣ್ಯ ನಿಜವಾದ ಪಡಿಯಚ್ಚಾಗುತ್ತದೆ. ಮೇಷ್ಟರ ಬಿಲ್ಲೆ ಯಾವ ಸುಳ್ಳನ್ನೂ ಹೇಳಿರಲಿಲ್ಲ. ಬೆಸುಗೆಯನ್ನೂ ತರಿಯನ್ನೂ ಮುಚ್ಚಿಡದೆ ತನ್ನ ಜನ್ಮವೃತ್ತಾಂತವನ್ನು ಬೆನ್ನ ಮೇಲೆಯೇ ಹೊತ್ತುಕೊಂಡಿತ್ತು. ಸುಳ್ಳು ಹೇಳಿದ್ದು ಮನೆಯ ಮಾತು. ಅದೂ ಮೋಸದಿಂದಲ್ಲ, ಅಭಿಮಾನದಿಂದ.

ಮುಂದಿನ ವಾರ ಮೇಷ್ಟರ ಮನೆಗೆ ಹೋಗಿದ್ದೆ. ಬಿಲ್ಲೆ ದೇವರ ಗೂಡಿನಲ್ಲಿ ತನ್ನ ಜಾಗದಲ್ಲಿಯೇ ಇತ್ತು. ಅದರ ಕೆಳಗೆ, ಕರಿಹಲಗೆಯ ಮೇಲೆ ಬರೆದು ಪಳಗಿದ ದುಂಡಕ್ಷರದಲ್ಲಿ ಒಂದು ಚೀಟಿ: ‘ಇದು ಪಡಿಯಚ್ಚು. ಸವೆತ ತಾತನದಿರಬೇಕು.’ ‘ಇರಬೇಕು’ ಎಂಬ ಮಾತನ್ನು ನೋಡಿ, ಇವರು ಒಳ್ಳೆಯ ಚರಿತ್ರೆಯ ಮೇಷ್ಟರಾಗಿದ್ದಿರಬೇಕು ಎಂದುಕೊಂಡೆ.

“ಬನಶಂಕರಿಗೆ ಫೋನು ಮಾಡಿದ್ದೆ. ದೊಡ್ಡಪ್ಪನ ಮನೆಯದನ್ನು ಅಳೆದು ನೋಡಬೇಕು ಅಂದೆ. ನಾನೂ ಬರುತ್ತೇನೆ ಅಂದ. ನಿಮ್ಮ ವರ್ನಿಯರ್ ಎರಡು ದಿನಕ್ಕೆ ಕೊಡುತ್ತೀರಾ?” ಎಂದು ಕೇಳಿದರು.

ಕೊಟ್ಟೆ. ಮೈಸೂರಿನ ಬಿಲ್ಲೆ ಒಂದು ಮಿಲಿಮೀಟರು ದೊಡ್ಡದಾಗಿರಬಹುದು. ಇದರಷ್ಟೇ ಇದ್ದು, ಅದೂ ಇನ್ನೊಂದು ಪಡಿಯಚ್ಚೇ ಆಗಿದ್ದರೂ ಆಶ್ಚರ್ಯವಿಲ್ಲ. ಎರಡು ದಿನಕ್ಕೆಂದು ಹೋದ ವರ್ನಿಯರ್ ಮೂರು ವಾರವಾದರೂ ಹಿಂದಿರುಗಿಲ್ಲ. ಅಣ್ಣತಮ್ಮಂದಿರು ಇನ್ನೂ ಮೈಸೂರಿನಲ್ಲಿಯೇ ಇದ್ದಾರಂತೆ. ನಾನೂ ಕೇಳುವ ಆತುರಕ್ಕೆ ಹೋಗಿಲ್ಲ.